ಇರುಳಲ್ಲಿ ಒಗೆದ ಹಾಸು

ಹದಿನಾಲ್ಕು ವರ್ಷ ನಾನು ಇರುಳಲ್ಲೇ ಹಾಸು ಒಗೆದೆ.
ಸದ್ದಾಗದ ಹಾಗೆ ನೀರು ಸುರಿಯುವುದನ್ನು
ಈ ಕರೋಂಗಿಯಲ್ಲಿ ನನಗಿಂತ ಬಲ್ಲವರಿಲ್ಲ:
ಬಕೆಟ್ಟಿನ ಅಂಚಿಗೆ ಅಂಗೈ ಒಡ್ಡಿ
ಕೈಯ ಮೇಲಿಂದ ಜಾರಿಸಬೇಕು.

ಹಗಲು ನಾನು ನರ್ಸು.
ಎದೆಯ ಮೇಲೆ ಪಟ್ಟಿ: ಮುಕಾನ್ಕುಸಿ ಸ್ಪೆಸಿಯೋಸ.
ಹೆರಿಗೆಗೆ ಬಂದವರಿಗೆಲ್ಲ ಟಾರ್ಚು ಹಿಡಿದವಳು,
ನನ್ನದೇ ಮನೆಯಲ್ಲಿ ತಡಕಾಡಿದವಳು.
ಸನ್ಯಾಸಿನಿಯರ ಶಾಲೆಯ ಪುಸ್ತಕದಲ್ಲಿ
ಗರ್ಭಕೋಶಕ್ಕೆ ಬಾಣವಿತ್ತು, ಅಂಡಾಶಯಕ್ಕೆ ಬಾಣವಿತ್ತು,
ಸುಖಕ್ಕೆ ಇರಲಿಲ್ಲ.
ಸಿಸ್ಟರ್ ಒಡಿಲ್ ಆ ಪುಟವನ್ನು
ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ತಿರುವಿದ್ದಳು.

ಮೂತ್ರಕೋಶ ಸಡಿಲ, ಅಂದರು ಡಾಕ್ಟರು.
ಹಳದಿ ಮಾತ್ರೆ, ದಿನಕ್ಕೆರಡು.
ಬಾಯಿ ಒಣಗಿತು. ಸಂಜೆಯ ಚಹಾ ಬಿಟ್ಟೆ.
ನ್ಗರಂಬೆ ಕೈ ಚಾಚಿದಾಗೆಲ್ಲ
ಹಾಲು ಉಕ್ಕುವ ಗಳಿಗೆಗೆ ಸರಿಯಾಗಿ
ಒಲೆಯಿಂದ ಇಳಿಸುವವಳ ಹಾಗೆ
ನನ್ನನ್ನು ನಾನೇ ಇಳಿಸಿಕೊಂಡೆ.
'ಏನಾಯ್ತು?'
'ಏನಿಲ್ಲ.'
ಆ ಏನಿಲ್ಲವನ್ನು ನಡುವೆ ಮಲಗಿಸಿ
ಇಬ್ಬರೂ ಬೆನ್ನು ಮಾಡುತ್ತಿದ್ದೆವು.

ಪೊರೆ ತೆಗೆಸಲು ಬಂದಳು ಸೋದರತ್ತೆ, ನ್ಯಿರಬುಕೆಯೆ.
ಎರಡನೆಯ ರಾತ್ರಿ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು.
'ಪಟ್ಟಿ ಕಟ್ಟಿರೋದು ಕಣ್ಣಿಗೆ, ಕಿವಿಗಲ್ಲ.
ಯಾರನ್ನ ಕೊಂದೆ ಅಂತ ಈ ಹೊತ್ತಲ್ಲಿ ತೊಳೀತಿದೀಯ?'
ಹೇಳಿದೆ. ಹೇಳುತ್ತ ಅತ್ತೆ.
ಅವಳು ಕೇಳಿದ್ದು ಒಂದೇ:
'ಮೂಸಿ ನೋಡಿದೀಯಾ?'

ಇಡೀ ವಾರ್ಡಿನ ಬೆಡ್‌ಪ್ಯಾನು ಮೂಸಿದ ಮೂಗು ನನ್ನದು,
ಇದೊಂದಕ್ಕೆ ಮಾತ್ರ ಬಗ್ಗಿರಲಿಲ್ಲ.
ಸೋಪು ಹಚ್ಚುವ ಮೊದಲು ಬಗ್ಗಿದೆ.
ಉಚ್ಚೆಯ ನಾತವಲ್ಲ.
ಆಗತಾನೆ ಸೀಳಿದ ಬಾಳೆದಿಂಡಿನ ನೀರಿನಂಥದ್ದು,
ಅಥವಾ ಅದೂ ಅಲ್ಲ.
(ಒಂದಿಷ್ಟು ಮೂತ್ರವೂ ಬೆರೆತಿರಬಹುದು,
ನರ್ಸಾಗಿ ಹೇಳುತ್ತೇನೆ. ಬೆರೆತರೆ ಬೆರೆಯಲಿ.)

ಅತ್ತೆ ಗೋಡೆ ಹಿಡಿದು ನಕ್ಕಳು.
'ಇದು ಅಮಾಜಿ ಕಣೇ, ನೀರು. ಬೇರೆ ಹೆಸರು ಯಾಕೆ?
ರಾಣಿಯೊಬ್ಬಳಿಗೆ ಹೀಗೇ ಹರಿದು ಹರಿದು
ಅಗೋ ಆ ಕಿವು ಸರೋವರ ಆಯಿತು ಅಂತಾರೆ.
ನಿನ್ನ ಸಿಸ್ಟರು ಅದರ ದಂಡೆಯಲ್ಲೇ ಶಾಲೆ ಕಟ್ಟಿದಳಲ್ಲ!'
ಆಮೇಲೆ ದನಿ ತಗ್ಗಿಸಿ:
'ಎಲ್ಲರಿಗೂ ಬರೋದಲ್ಲ. ಬಾರದ್ದು ಕೊರತೆಯೂ ಅಲ್ಲ.
ನಿನ್ನ ಅಮ್ಮನಿಗೆ ಬರ್ತಿರಲಿಲ್ಲ, ಅವಳೇನು ಕಮ್ಮಿ ನಕ್ಕಳಾ?
ಗಂಡನಿಗೆ ಹೇಳು, ಇದು ಮುಹಾಂಗದ ಕೊನೇ ಬಸ್ಸಲ್ಲ.
ತಟ್ಟಲಿ, ಮೆತ್ತಗೆ, ಅಲ್ಲೇ ಮೇಲೆ, ಹೊಸ್ತಿಲಲ್ಲೇ,
ಮನೆಯವಳು ಎದ್ದು ಬರೋ ತನಕ.'

ಅವನಿಗೆ ಹೇಳುವುದಕ್ಕೆ ಹನ್ನೊಂದು ದಿನ ಹಿಡಿಯಿತು.
ಕೇಳಿ ಸುಮಾರು ಹೊತ್ತು ಸುಮ್ಮನಿದ್ದ.
'ನನ್ನ ಬಾಯಿ ವಾಸನೆಗೆ ನೀನು
ಹಿಂದೆ ಸರೀತೀಯ ಅಂದುಕೊಂಡಿದ್ದೆ.'
ಓ, ಅದಕ್ಕೇ ಆ ಲವಂಗ,
ದಿಂಬಿನಡಿಯ ಆ ಪೊಟ್ಟಣ,
ಹದಿನಾಲ್ಕು ವರ್ಷ.

ಮೊದಲ ರಾತ್ರಿ ಏನೂ ಆಗಲಿಲ್ಲ. ಮರುದಿನವೂ.
ಕಲಿತ ಬಿಗಿ ತೊಡೆಯಲ್ಲೇ ಕಾವಲು ಕೂತಿತ್ತು.
'ಇಲ್ಲಿ' ಅನ್ನುವ ಪದ ನನ್ನ ಬಾಯಿಗೆ ಹೊಸತು.
'ಇಲ್ಲಲ್ಲ, ಇಲ್ಲಿ' ಅನ್ನುವುದು ಇನ್ನೂ ಹೊಸತು.
ಡ್ರೈವರನಾದರೂ ದಾರಿ ಕೇಳಿದ.
ಐದನೆಯದೋ ಆರನೆಯದೋ ರಾತ್ರಿ,
ಮೀನುಗಾರರು ಮೂರು ದೋಣಿ ಜೋಡಿಸಿ
ಹಾಡುತ್ತ ಸಾಂಬಾಜ ಹಿಡಿಯಲು ಹೊರಟ ಹೊತ್ತು,
ಕಾವು ಮೊದಲು ಅಂಗಾಲಿಗೆ ಬಂತು, ಯಾಕೋ,
ಆಮೇಲೆ ಕಿವಿಯ ಹಿಂದೆ,
ಆಮೇಲೆ ಎಲ್ಲೆಂದು ಹೇಳುವವಳು ನಾನಿರಲಿಲ್ಲ.
ಹಾಲು ಉಕ್ಕಿತು.
ಇಳಿಸಲಿಲ್ಲ.

ಮಾತ್ರೆಯ ಡಬ್ಬಿ ಇನ್ನೂ ಕಪಾಟಿನಲ್ಲಿದೆ.
ಕೋಪ ಬಂದಾಗ ಅಲ್ಲಾಡಿಸುತ್ತೇನೆ, ಸದ್ದು ಮಾಡುತ್ತದೆ.
ಅಷ್ಟು ವರ್ಷವನ್ನು ಯಾರ ಲೆಕ್ಕಕ್ಕೆ ಬರೆಯಲಿ,
ಗೊತ್ತಿಲ್ಲ.

ಇವತ್ತು ಅತ್ತೆಯ ಪಟ್ಟಿ ಬಿಚ್ಚಿದರು.
ಅಂಗಳದಲ್ಲಿ ಕೂರಿಸಿದೆ, ಎದುರಿಗೆ ಇಡೀ ಸರೋವರ.
ಅವಳು ಕಣ್ಣು ಕಿರಿದು ಮಾಡಿ ನೋಡಿದ್ದು
ಬಟ್ಟೆ ಹಗ್ಗವನ್ನು.
'ಒಂದೇ ಹಾಸೇನೇ?' ಅಂದಳು.