ಎಣಿಕೆ ಬಾರದ ಕೋವಿ

ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು
ಆಟೋದಲ್ಲಿ ಬಂದಳು ದೇಚವ್ವ
ವಿರಾಜಪೇಟೆಯ ನನ್ನ ಅಂಗಡಿಗೆ.
ಕೂಸಿರಬೇಕೆಂದುಕೊಂಡ ಡ್ರೈವರು
ಹೊಂಡ ಬಂದಲ್ಲೆಲ್ಲ ನಿಧಾನಿಸಿದನಂತೆ.

"ಕೈಲ್‌ಪೊಳ್ದಿಗೆ ಇನ್ನು ನಾಲ್ಕೇ ದಿನ.
ಉಜ್ಜಿ ಕೊಡು, ಐರಿ. ಹೆಚ್ಚು ಕೇಳಬೇಡ."

ಬಿಚ್ಚಿದೆ.
ಐವತ್ತು ವರ್ಷ ಕೋವಿಗಳ ಕರುಳು ಕಂಡ ನಾನು
ಕಾಣದ ಜಾತಿ.
ಗಿಡ್ಡ. ಭಾರ ಮಾತ್ರ ಕಡಿಮೆಯಿಲ್ಲ.
ನಳಿಗೆಯ ಮೇಲೊಂದು ಅಂಗಿ, ಅಂಗಿಯ ತುಂಬ ತೂತು,
ನೂಲ್‌ಪುಟ್ಟು ಒತ್ತುವ ಒರಳಿನ ಹಾಗೆ.
ಎಡಗಡೆಗೊಂದು ಬಾಯಿ,
ಮ್ಯಾಗಜೀನು ಕೂರಬೇಕಾದಲ್ಲಿ ಬೋಳು ವಸಡು.
ಕಂಪನಿಯ ಹೆಸರಿಲ್ಲ, ಕಿರೀಟದ ಮುದ್ರೆಯಿಲ್ಲ.
ಹೊಟ್ಟೆಯಡಿಯಲ್ಲಿ ಯಾರೋ ಕೈಯಾರೆ ಕೊರೆದ ಅಂಕೆ:
ಮೂರು.

ಎರಡು ಯುದ್ಧಗಳ ನಡುವೆ
ದೊರೆಗಳು ಉಸಿರೆಳೆದುಕೊಳ್ಳುತ್ತಿದ್ದಾಗ
ಎಲ್ಲಿಯದೋ ಬೆಂಚಿನ ಮೇಲೆ ಹುಟ್ಟಿದ್ದು ಮೂರೇ.
ಮೊದಲನೆಯದು ಪರೀಕ್ಷೆಯಲ್ಲಿ ಸೀಳಿತು.
ಎರಡನೆಯದನ್ನು ಅವರೇ ಸೀಳಿ ನೋಡಿದರು.
ಅಷ್ಟರಲ್ಲಿ ಮೇಲಿಂದ ಕಾಗದ:
ಗುಂಡು ಬಹಳ ತಿನ್ನುತ್ತದೆ, ಸಾಕುವುದು ಕಷ್ಟ, ಬೇಡ.
ಮೈದಾನದಲ್ಲಿ ಹಾರಿಸಿ ನೋಡುವ ಕೆಲಸದ ಹವಾಲ್ದಾರ ಮಾಚಯ್ಯ
ಗುಜರಿಗೆ ಹೊರಟಿದ್ದ ಮೂರನೆಯದನ್ನು
ಹಾಸಿಗೆಯ ಸುರುಳಿಯಲ್ಲಿ ಮಲಗಿಸಿದ.
ಮೈಸೂರಿನವರೆಗೆ ರೈಲು, ಆಮೇಲೆ ಬಸ್ಸು.
ಕದ್ದ ಎಂದು ಊರಲ್ಲಿ ಯಾರೂ ಅನ್ನಲಿಲ್ಲ.
ತಂದ, ಅಂದರು.

ತಂದ, ಸರಿ. ಮಾಡುವುದೇನು ಅದನ್ನು?
ನಮ್ಮ ಕಡೆ ಕೋವಿಗೆ ಎಣಿಕೆ ಬರಬೇಕು.
ಗಂಡು ಹುಟ್ಟಿದರೆ ಒಂದು.
ಸತ್ತರೆ ಎರಡು.
ಒಂದು ಕೇಳಿದೊಡನೆ ಗದ್ದೆಯಾಚೆಯವರು
ಕತ್ತಿ ಎತ್ತಿದಲ್ಲೇ ಹಿಡಿದು ಕಾಯುತ್ತಾರೆ.
ಇನ್ನೊಂದು ಬಾರದಿದ್ದರೆ ನಗು,
ಬಂದರೆ ಬಿಳಿಬಟ್ಟೆ ಉಟ್ಟು ಹೊರಡುವುದು.
ಸುದ್ದಿಯಿರುವುದು ಗುಂಡಿನಲ್ಲಲ್ಲ,
ಮೊದಲನೆಯದರ ಬೆನ್ನಿಗೆ ಬರುವ ಆ ಚೂರು ಮೌನದಲ್ಲಿ.

ಅಣ್ಣನಿಗೆ ಮಗ ಹುಟ್ಟಿದ ಬೆಳಿಗ್ಗೆ
ಖುಷಿ ತಡೆಯದೆ ಮಾಚಯ್ಯ ಅಂಗಳಕ್ಕಿಳಿದು
ಒಂದೇ ಒಂದು ಎಂದುಕೊಂಡು ಬೆರಳು ಮಡಚಿದ.
ಹನ್ನೊಂದು.

ಮೂರೂರಿನ ಜನ ಓಡಿ ಬಂದರು,
ಎಷ್ಟು ಹೆಣ, ಎಷ್ಟು ಹೆಣ ಎಂದು ಅಳುತ್ತ.
ತೊಟ್ಟಿಲಲ್ಲಿ ಒಂದೇ ಒಂದು ಬೆರಳು ಚೀಪುತ್ತಿತ್ತು.
ಬಂದವರು ಉಂಡು, ಬೈದು, ಹೋದರು.
ಮನೆಯ ಹಿರಿಯ ಮ್ಯಾಗಜೀನು ಕಿತ್ತು ಕೆರೆಗೆಸೆದ.
ಮಗುವಿಗೆ ಇಟ್ಟ ಹೆಸರು ಕಾಗದದಲ್ಲಷ್ಟೇ ಉಳಿಯಿತು,
ಊರಿಗವನು ಹನ್ನೊಂದು.
ಹನ್ನೊಂದನೆಯ ಕ್ಲಾಸಿಗೆ ಹೋಗಲಿಲ್ಲ ಎಂಬ ಹಳೆಯ ತಮಾಷೆ ಬೇರೆ.

ಹನ್ನೊಂದರ ಕೈಹಿಡಿದವಳು ಈ ದೇಚವ್ವ.

"ಕಳೆದ ಬೇಸಿಗೆಯಲ್ಲಿ ಹೋದರಲ್ಲ," ಅಂದಳು.
"ಎರಡು ಹಾರಿಸಿದರು.
ಗುಡ್ಡದಾಚೆಯ ಬೊಳ್ಳವ್ವ, ಕಿವಿ ಅರ್ಧ ಮಂದ,
ಸಂಜೆಯವರೆಗೆ ಜಗಲಿಯಲ್ಲಿ ಕೂತಿದ್ದಳಂತೆ
ಉಳಿದ ಒಂಬತ್ತಕ್ಕೆ."

ನಗಬೇಕೋ ಬೇಡವೋ ತಿಳಿಯದೆ
ಎಣ್ಣೆ ಬಟ್ಟೆ ಒಳಗಿಳಿಸಿದೆ.
ಬೆರಳಿಗೆ ತಗುಲಿತು ಹಳೆಯ ಅರದ ಗೀರು,
ಎಡಕ್ಕೆ ವಾಲಿದ ಮೂರು ಗೀರು.
ಎಡಗೈ ಕೆಲಸ.
ವಿರಾಜಪೇಟೆಯಲ್ಲಿ ಎಡಗೈಯ ಐರಿ ಒಬ್ಬನೇ ಇದ್ದ,
ನನ್ನಪ್ಪ.

"ಹೌದು," ಅಂದಳು. "ಒಂದು ವಾರ ಅಲ್ಲೇ ಉಂಡು, ಅಲ್ಲೇ ಮಲಗಿ
ಒಂದಕ್ಕೆ ನಿಲ್ಲುವುದು ಕಲಿಸಲು ನೋಡಿದ.
ಕೋವಿ ಕಲಿಯಲಿಲ್ಲ."
ಮನೆಯಲ್ಲಿ ಅಪ್ಪ ಸೋತ ಸುದ್ದಿ ಎತ್ತಿದ್ದೇ ಇಲ್ಲ.
ಗೀರುಗಳ ಮೇಲೆ ಬಟ್ಟೆ ಆಡಿಸಲಿಲ್ಲ ನಾನು.

ಹಬ್ಬದ ದಿನ ಹೋಗಿದ್ದೆ.
ತೂಗುದೀಪದ ಕೆಳಗೆ ಸಾಲಾಗಿ ಕೋವಿ, ಒಡಿಕತ್ತಿ, ಪೀಚೆಕತ್ತಿ.
ಒಂದೊಂದು ನಳಿಗೆಯ ಬಾಯಲ್ಲೂ ತೋಕ್‌ಪೂ,
ಬೆಂಕಿಯೆಸಳು ಹಿಂದಕ್ಕೆ ಮಡಚಿಕೊಂಡು.
ಮೂರನೆಯದರ ಮುಂದೆ ಮರಿಮಗಳು ನಿಂತಳು,
ಬುಟ್ಟಿ ಸೊಂಟಕ್ಕಿಟ್ಟು, ತೂತುಗಳನ್ನೆಣಿಸುತ್ತ.
"ಇದಕ್ಕೆ ಎಷ್ಟು ಹೂ, ಅಜ್ಜಿ?"
"ಒಂದು. ಈಗಲಾದರೂ ಕಲಿಯಲಿ."

ಮರುದಿನ ಮಡಿಕೇರಿಗೆ, ಒಪ್ಪಿಸಿಬಿಡಲು.
ಕೋವಿಯ ಹಕ್ಕು ನಮ್ಮ ಮನೆಗಳಿಗುಂಟು,
ಇಂಥದ್ದಕ್ಕಿಲ್ಲ.
ಕಂಬಳಿಯೊಳಗೇನೆಂದು ಈ ಸಲ ಡ್ರೈವರಿಗೆ ಗೊತ್ತಿತ್ತು.
ಆದರೂ ಹೊಂಡ ಬಂದಲ್ಲಿ ನಿಧಾನಿಸಿದ.