ಎರಡನೇ ಕೌಂಟರಿನ ಪ

ಒಂಬತ್ತು ವರ್ಷ ಹರಿದು ಕೊಟ್ಟಿದ್ದೇನೆ ಅದನ್ನು,
ಹಳದಿ ಹಾಳೆ ಕಟ್ಟಿದವರಿಗೆ, ಗುಲಾಬಿ ಆಫೀಸಿಗೆ,
ಪ್ರತಿ ಸಲವೂ ಬಾಯಿ ತುಂಬ
ರಿಸಿಪ್ಟ್ ಅಂದಿದ್ದೇನೆ
ತುಟಿ ಎರಡೂ ಒತ್ತಿ,
ಸೀಲು ಒತ್ತಿದ ಹಾಗೆ.

ಈ ಜೂನಿನಲ್ಲಿ ಕೋಟ್ಟಯಂ ಕಡೆಯ ಜಿನ್ಸಿ,
ಕಾಲೇಜಿಗೆ ಕೋಳೇಜ್ ಅನ್ನುವ ಹುಡುಗಿ,
ಕಿಂಡಿಗೆ ಮುಖವಿಟ್ಟು ಮೆಲ್ಲಗೆ ಹೇಳಿದಳು:
ಬೇಜಾರಾಗಬೇಡಿ ಮ್ಯಾಮ್,
ಅದು ರಿಸೀಟ್. ಪಿ ಸೈಲೆಂಟ್.
ಮೂರನೇ ಕೌಂಟರಿನ ಕೊಟ್ರೇಶಪ್ಪ
ಲೆಡ್ಜರಿನೊಳಗೆ ತಲೆ ಹಾಕಿ ನಕ್ಕ.
ಅವನು ಮೊದಲಿಂದಲೂ ಬಿಲ್ಲು ಬಿಲ್ಲು ಎಂದೇ
ಬಚಾವಾದವನು.

ಸೈಲೆಂಟ್ ಅಂದರೆ?
ನಮ್ಮ ಅಕ್ಷರಗಳು ಮಂಡಕ್ಕಿ ಭಟ್ಟಿಯ ಆಳುಗಳು,
ಸಾಲಿಗೆ ಬಂದವರೆಲ್ಲ ದುಡಿಯಬೇಕು.
ಒತ್ತಕ್ಷರ ಕೂಡ, ಪಾಪ,
ಮೇಲಿನವನ ಕಾಲಡಿ ಕೂತೇ ದನಿ ಕೊಡುತ್ತದೆ.
ಈ ಪಿ ನೋಡಿ,
ಹಾಜರಿಗೆ ಸಹಿ ಹಾಕಿ
ಬೇವಿನ ನೆರಳಲ್ಲಿ ಬೀಡಿ ಸೇದುತ್ತದೆ.
ಹಾಗಂತ ಬಿಟ್ಟು ಬರೆದರೆ
ಸ್ಪೆಲಿಂಗ್ ತಪ್ಪು!

ರಾತ್ರಿ ಭಟ್ಟಿಯ ಹಿಂದಿನ ಮನೆಯಲ್ಲಿ
ಫೋನಿನೊಳಗಿನ ಹೆಂಗಸು
ಹೇಳಿದ್ದನ್ನೇ ಹೇಳಿದಳು ಬೇಸರಿಸದೆ.
ನಾನು ರಿಸೀ ತನಕ ಸಲೀಸಾಗಿ ಹೋಗಿ
ಅಲ್ಲಿ ತುಟಿ ತಾನಾಗೇ ಮುಚ್ಚಿಕೊಳ್ಳುವುದು.
ಹಲ್ಲಸಂದಿಗೆ ಸಿಕ್ಕ ಹೊಟ್ಟಿನ ಹಾಗೆ ಆ ಪ,
ನಾಲಿಗೆಯಿಂದ ತಳ್ಳಿದಷ್ಟೂ ಒಳಕ್ಕೆ.
ಅಮ್ಮಿ ಹೊಸ್ತಿಲಲ್ಲಿ ಮಂಡಕ್ಕಿ ಕೇರುತ್ತಿದ್ದಳು,
ಹುಬ್ಬಿನ ತುಂಬಾ ಬೂದಿ.
ಏನೇ ಅದು, ತಸ್ಬೀಹ್ ಎಣಿಸಿದ ಹಾಗೆ ಒಂದೇ ಮಾತು?
ಕರೆಂಟಿನ ದುಡ್ಡು ಕಟ್ಟಿದರೆ ಕೊಡ್ತಾರಲ್ಲ ಅಮ್ಮಿ, ಅದು.
ಓ, ರಸೀದ್!
ಅಂದಳು. ಮೊರ ನಿಲ್ಲಿಸಲಿಲ್ಲ.

ಹನ್ನೊಂದು ದಿನಕ್ಕೆ ಬಂತು.
ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿ ಹಾಯುವಾಗ
ಅದರ ಸದ್ದಿನಡಿಗೆ ನುಸುಳಿ
ಯಾರಿಗೂ ಕೇಳದಂತೆ ಹೇಳಿಕೊಂಡೆ,
ಸೀ ಎಳೆದು, ಟ್ ಕಡಿದು.
ಐವತ್ತೆರಡು ಡಬ್ಬಿ, ಐವತ್ತೆರಡು ಸಲ,
ಒಂದರಲ್ಲೂ ಪ ಹತ್ತಲಿಲ್ಲ.

ಮಾರನೇ ದಿನ ಜಗಳೂರು ಕಡೆಯ ಓಬಳೇಶಪ್ಪ.
ಅರ್ಜಿಯ ಶುಲ್ಕ ಐನೂರು,
ಹತ್ತರ ನೋಟೂ ಸೇರಿಸಿ ಎರಡು ಸಲ ಎಣಿಸಿ ಕೊಟ್ಟರು.
ಹಿಂದೆ ಮಗಳು ಗಂಗೋತ್ರಿ,
ಮಾರ್ಕ್ಸ್ ಕಾರ್ಡಿಗೆ ಮಡಿಕೆ ಬೀಳದಂತೆ ಎದೆಗೆ ಹಿಡಿದು.
ನಾನು ಹಳದಿ ಹಾಳೆ ಹರಿದು,
ಹೊಸ ಬಳೆಯ ಕೈ ಆಡಿಸುವವಳಂತೆ
ಸ್ವಲ್ಪ ಎಳೆದೇ ಅಂದೆ:
ರಿಸೀಟ್ ತಗೊಳ್ಳಿ.

ಅವರಿಗೆ ಕೇಳಿಸಿದ್ದು:
ರೀ, ಸೀಟ್ ತಗೊಳ್ಳಿ.

ಆ ಮುಖಕ್ಕೆ ನಮ್ಮ ಕಿಂಡಿ ಸಾಲದು.
ಹೆಗಲ ಟವೆಲ್ಲು ಇಳಿಸಿ,
ಎರಡೂ ಕೈಯಲ್ಲಿ ಹಾಳೆ ಇಸಕೊಂಡು ಕಣ್ಣಿಗೊತ್ತಿ,
ಸಿಕ್ತಂತೆ ಕಣವ್ವ, ಅಂದರು ಹಿಂದೆ ತಿರುಗಿ,
ಇಷ್ಟೇನಾ!
ನಾಕು ಮಂದಿ ಕೈಲಿ ಹೇಳಿಸ್ಬೇಕು ಅಂತಿದ್ರಲ್ಲ.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.
ಈ ಸಲ ಕೊಟ್ರೇಶಪ್ಪ ನಗಲಿಲ್ಲ.
ನನ್ನ ತುಟಿಗಳು ಒಂದನ್ನೊಂದು ಹುಡುಕಿದವು.
ಯಜಮಾನ್ರೇ, ಇದು ಬರೀ ರಿಸಿಪ್ಟು,
ಅಂದೆ, ಪ ಅನ್ನು ಗಟ್ಟಿಯಾಗಿ,
ಬಾಗಿಲು ಹಾಕಿದಷ್ಟು ಗಟ್ಟಿಯಾಗಿ.
ಅವರಿಗೆ ಅದೂ ತಿಳಿಯಲಿಲ್ಲ.
ಗಂಗೋತ್ರಿಯೇ ಮುಂದೆ ಬಂದು
ಅವರ ಬೆರಳು ಒಂದೊಂದೇ ಬಿಡಿಸಿ
ಹಾಳೆ ತಗೊಂಡಳು.
ಅಪ್ಪಾ, ರಶೀದಿ ಇದು, ದುಡ್ಡು ಕಟ್ಟಿದ್ದಕ್ಕೆ.
ನನ್ನ ಕಡೆ ನೋಡಲಿಲ್ಲ.

ಅಮ್ಮಿಯ ಮಾತಿಗೆ ಒಂದು ಇ ಹಚ್ಚಿದ್ದರೆ ಸಾಕಿತ್ತು.

ಈಗ ಮೊದಲು ಮುಖ ನೋಡುತ್ತೇನೆ, ಆಮೇಲೆ ಮಾತು.
ಜಿನ್ಸಿ ಬಂದರೆ ರಿಸೀಟ್.
ಅವಳು ಹೆಬ್ಬೆರಳೆತ್ತಿ ತೋರಿಸಿ ಹೋಗುತ್ತಾಳೆ,
ಖುಷಿಯಾಗುವುದೂ ನಿಜ.

ಸೀಟಿನ ಪಟ್ಟಿ ಮೊನ್ನೆ ಅಂಟಿಸಿದ್ದಾರೆ,
ನಮ್ಮ ಮಹಡಿಯ ನೀರಿನ ಫಿಲ್ಟರ್ ಪಕ್ಕದ ಬೋರ್ಡಿಗೆ.
ಎರಡು ದಿನದಿಂದ ನಾನು
ಬಾಟಲಿ ತುಂಬಿಸಲು ಕೆಳಗಿಳಿದು ಹೋಗುತ್ತಿದ್ದೇನೆ.