ಹೊಲಿಗೆಗೆ ಬಿಟ್ಟ ಬಟ್ಟೆ

ಕೌಲ್ ಬಜಾರಿನ ಮೂರನೇ ಮಾಳಿಗೆ ಮೇಲೆ.
ಒಂದು ಚೌಕಟ್ಟಿಗೆ ಹಿಡಿಸಲೊಲ್ಲದು ಬಳ್ಳಾರಿ ಗುಡ್ಡ.
ಅಂಗೈಯಗಲದ ಕ್ಯಾಮೆರಾ ಹಿಡಿದು, ಮೊಣಕೈ ಪಕ್ಕೆಗೊತ್ತಿ
ಹಿಮ್ಮಡಿ ಊರಿ ತಿರುಗಿದೆ: ಐದು ಚಿತ್ರ.

ಒಂದರ ಅಂಚು ಇನ್ನೊಂದರೊಳಗೆ ಬರಬೇಕು,
ಹೊಲಿಗೆಗೆ ಬಟ್ಟೆ ಬಿಡುವ ಹಾಗೆ.
ಹದಿನಾರು ವರ್ಷ ಜೀನ್ಸ್ ಹೊಲಿದ ಕೈಗೆ
ಇದನ್ನು ಯಾರೂ ಕಲಿಸಬೇಕಿಲ್ಲ.

ಕಂಪ್ಯೂಟರಿನಲ್ಲಿ ಬಂಡೆ ಬಂಡೆಗೆ ಕೂಡಿತು.
ಮೋಡ ಮಾತ್ರ ಕೂಡಲಿಲ್ಲ; ಅದು ಅಷ್ಟರೊಳಗೆ ನಡೆದಿತ್ತು.
ಎದುರು ಮಾಳಿಗೆಯ ಮಾಬುನ್ನಿ
ಎರಡು ಕಡೆ ನಿಂತಿದ್ದಾಳೆ:
ಒಂದು ಕಡೆ ತೊಯ್ದ ಪ್ಯಾಂಟು ಹಿಂಡುತ್ತ,
ಇನ್ನೊಂದು ಕಡೆ
ಒದ್ದೆ ಕೈ ಹಣೆಗಿಟ್ಟು ಇತ್ತ ನೋಡುತ್ತ.

ನಡುವೆ ಹೊಲಿಗೆ ಕಾಣದು.
ಆಕೆ ಯಾವಾಗ ತಲೆಯೆತ್ತಿದಳೋ
ಆ ಚೂರು
ಒಳಮಡಿಕೆಯಲ್ಲಿ ಹೋಯಿತು.